14 ವೋಟಲ್ಲಿ ಮೆಂಬರ್ ಆದೆ

ನಾನು ಗ್ರಾಮ ಪಂಚಾಯ್ತಿ ಮೆಂಬರ್ ಆಗಿ ಗೆದ್ದೋನು. ರಾಜಕೀಯಕ್ಕೆ ಬರ್ಬೇಕು ಅಣ್ಣ, ಯಾವ ಪಾರ್ಟಿ ಸೇರ್ಲಿ ಅಂತ ಹುಡುಗ್ರು ಫೋನ್ ಮಾಡ್ತಾರೆ. ನಾನು ವಾಪಸ್ ಕೇಳೋದು, ನಿಮ್ ವಾರ್ಡಿನ ವೋಟರ್ ಲಿಸ್ಟ್ ಮೊದಲಿಂದ ಕೊನೇವರೆಗೆ ಓದಿದೀಯೇನೋ ಅಂತ. ಅರ್ಧ ಜನ ಅಲ್ಲೇ ಫೋನ್ ಇಟ್ಬಿಡ್ತಾರೆ.

ನಂದು ತಿಪಟೂರು ಸೀಮೆ. ಬೆಂಗಳೂರಲ್ಲಿ ಕೆಲಸದಲ್ಲಿದ್ದೆ, 2020ರ ಮಾರ್ಚಲ್ಲಿ ಲಾಕ್‌ಡೌನ್ ಅಂದಾಗ ಒಂದು ಬ್ಯಾಗ್ ತಗೊಂಡು ಊರಿಗೆ ಬಂದೆ, ಆಗ ವಯಸ್ಸು 26. ಬಂದೋನು ಸುಮ್ನೆ ಕೂತಿರೋದಕ್ಕೆ ಆಗ್ದೆ ಅವರಿವರ ರೇಷನ್ ಕಾರ್ಡು, ಸಂಧ್ಯಾ ಸುರಕ್ಷಾ ಪಿಂಚಣಿ ಅರ್ಜಿ, ಪಹಣೀಲಿ ಹೆಸರು ತಪ್ಪಾಗಿರೋದು, ಇಂಥವೆಲ್ಲ ನೋಡಿ ಕೊಡ್ತಿದ್ದೆ. ಅಷ್ಟೊತ್ತಿಗೆ ಪಂಚಾಯ್ತಿ ಹಳೇ ಬಾಡಿ ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ರು, ಕೊರೋನಾಗೆ ಎಲೆಕ್ಷನ್ ಮುಂದಕ್ಕೆ ಹೋಗಿತ್ತು, ನೀರಿನ ಮೋಟ್ರು ಸುಟ್ಟೋದ್ರೆ ಕೇಳೋಕೆ ಮೆಂಬರೇ ಇಲ್ಲ. ಒಂದಿನ ಮೋಟ್ರು ಕೆಟ್ಟು ನಾಕು ದಿನ ಆಗಿತ್ತು, ನೀರುಗಂಟಿ ಜೊತೆ ನಾನೂ ಮೋಟ್ರನ್ನ ಬೈಕಿಗೆ ಕಟ್ಕೊಂಡು ವೈಂಡಿಂಗ್ ಅಂಗಡಿಗೆ ಹೋಗಿ ಬಂದೆ. ನೀನೇ ನಿಂತ್ಕೊಳೋ ಅಂತ ಮೊದಲು ಅಂದಿದ್ದು ಅವತ್ತು ರಾತ್ರಿ ಕೊಡ ಹಿಡ್ಕೊಂಡು ನಲ್ಲಿ ಹತ್ರ ನಿಂತಿದ್ದ ನಮ್ ದೊಡ್ಡಮ್ಮ.

ಪಂಚಾಯ್ತಿಗೆ ನಿಲ್ಲೋಕೆ 21 ವರ್ಷ ತುಂಬಿದ್ರೆ ಸಾಕು, ಎಮ್ಮೆಲ್ಲೆಗಾದ್ರೆ 25. ಆದ್ರೆ ವಯಸ್ಸಿಗಿಂತ ಮುಂಚೆ ನೋಡ್ಬೇಕಾಗಿರೋದು ಯಾವ ಸೀಟು ಯಾರಿಗೆ ಅನ್ನೋ ಮೀಸಲಾತಿ ಪಟ್ಟಿ. ಅದು ಬರೋವರೆಗೂ ಯಾರು ಎಷ್ಟೇ ಎಗರಾಡಿದ್ರೂ ದಂಡ. ನಮ್ ವಾರ್ಡಿಗೆ ಮೂರು ಸೀಟು, ಸುಮಾರು 400 ಜನಸಂಖ್ಯೆಗೆ ಒಬ್ಬ ಮೆಂಬರ್ ಲೆಕ್ಕ. ಒಂದು ಸಾಮಾನ್ಯ, ಒಂದು ಹಿಂದುಳಿದ ಅ ವರ್ಗ ಮಹಿಳೆ, ಒಂದು ಎಸ್‌ಸಿ ಅಂತ ಬಂತು. ಸಾಮಾನ್ಯಕ್ಕೆ ಐದು ಜನ, ಅದ್ರಲ್ಲಿ ಒಬ್ಬರು ನಮ್ ಚಿಕ್ಕಪ್ಪನೇ! ಎದುರಾಳಿ ಅಂದ್ರೆ ಬೇರೆ ಪಾರ್ಟಿಯೋನು ಅನ್ಕೊಂಡಿದ್ದೆ, ನೋಡಿದ್ರೆ ನಮ್ ಗೋಡೆ ಆಚೆ ಮನೆಯೋರು.

ಪಂಚಾಯ್ತೀಲಿ ಪಾರ್ಟಿ ಚಿಹ್ನೆ ಇರಲ್ಲ, ಚುನಾವಣಾ ಆಯೋಗದೋರು ಕೊಟ್ಟಿದ್ದು ತಗೋಬೇಕು, ನಂಗೆ ಆಟೋ ಬಂತು. ಅದು ಹೆಸರಿಗೆ. ಯಾರು ಯಾರ ಬೆಂಬಲಿತ ಅಂತ ಊರಿಗೆಲ್ಲ ಗೊತ್ತು. ಎರಡು ಕಡೆಯೋರೂ ಕರೆದ್ರು, ಶಾಲು ಹಾಕ್ಸ್ಕೊಂಡು ಫೋಟೋ ಕೊಡು ಅಂದ್ರು, ನಾನು ಗೆದ್ಮೇಲೆ ನೋಡೋಣ ಅಂತ ಜಾರ್ಕೊಂಡೆ. ಅದು ಜಾಣತನ ಅಂತ ಹೇಳ್ತಿಲ್ಲ, ಹೆದರಿಕೆ.

ನಾಮಿನೇಷನ್ ಟೈಮ್ ತುಂಬ ಕಮ್ಮಿ. ನಮ್ದು ಎರಡನೇ ಹಂತ, ಡಿಸೆಂಬರ್ 11ಕ್ಕೆ ಅಧಿಸೂಚನೆ, 16ಕ್ಕೆ ಕೊನೆ ದಿನ, 27ಕ್ಕೆ ಮತದಾನ. ಠೇವಣಿ 200 ರೂಪಾಯಿ ಅಷ್ಟೇ. ನಾನು ಮೊದ್ಲೇ ಮನೆ ಕಂದಾಯ, ನೀರಿನ ಬಾಕಿ ಎಲ್ಲ ಕಟ್ಟಿ ರಸೀದಿ ಇಟ್ಕೊಂಡಿದ್ದೆ. ಸೂಚಕ ಆಗಿ ಸೈನ್ ಹಾಕ್ತೀನಿ ಅಂದಿದ್ದ ಫ್ರೆಂಡು ಅವತ್ತು ಬೆಳಿಗ್ಗೆ ಫೋನೇ ಎತ್ತಲಿಲ್ಲ, ಆಮೇಲೆ ಗೊತ್ತಾಯ್ತು ಅವರಪ್ಪ ಚಿಕ್ಕಪ್ಪನಿಗೆ ಮಾತು ಕೊಟ್ಟಿದ್ರಂತೆ. ಕೊನೆಗೆ ದೊಡ್ಡಮ್ಮನೇ ಪಂಚಾಯ್ತಿ ಆಫೀಸಿಗೆ ಬಂದು ಸೈನ್ ಹಾಕಿದ್ರು, ಮೂರು ಅಕ್ಷರ ಬರೆಯೋಕೆ ಎರಡು ನಿಮಿಷ ತಗೊಂಡ್ರು.

ಇನ್ನು ಮೊದಲು ಹೇಳಿದ್ನಲ್ಲ, ಆ ವೋಟರ್ ಲಿಸ್ಟಿನ ವಿಷಯ. 870 ಚಿಲ್ಲರೆ ವೋಟು. ಪ್ರಿಂಟ್ ಹಾಕಿಸಿ, 200 ಪೇಜಿನ ನೋಟ್‌ಬುಕ್ಕಲ್ಲಿ ಮನೆ ಮನೆ ಲೆಕ್ಕದಲ್ಲಿ ಬರ್ಕೊಂಡು, ದಿನಾ ರಾತ್ರಿ ದೊಡ್ಡಮ್ಮನ ಜಗಲೀಲಿ ಕೂರ್ತಿದ್ದೆ. ನಾನು ಹೆಸರು ಓದೋದು, ಅವರು ಅಡಿಕೆ ಕತ್ತರಿಸ್ತಾ ಹೇಳೋದು. ಇವಳು ಮದುವೆ ಆಗಿ ಅರಸೀಕೆರೆಗೆ ಹೋದ್ಲು, ಇವನು ತೀರ್ಕೊಂಡು ಎರಡು ವರ್ಷ ಆಯ್ತು, ಈ ಮನೇಲಿ ಗಂಡ ಹೇಳಿದಂಗೆ ಹೆಂಡ್ತಿ ಹಾಕಲ್ಲ ಅವಳನ್ನ ಬೇರೆ ಮಾತಾಡ್ಸು, ಇವರ ಮನೆ ಸಾವಿಗೆ ನಿಮ್ಮಪ್ಪ ಹೋಗ್ಲಿಲ್ಲ ಅದಿನ್ನೂ ಮರೆತಿಲ್ಲ. ಹಿಂಗೆ ಟಿಕ್ಕು, ಇಂಟು, ಸೊನ್ನೆ ಹಾಕ್ತಾ ಹೋದಾಗ ಸಿಕ್ಕಿದ್ದು ಏನಪ್ಪ ಅಂದ್ರೆ 130 ಜನ ಬೆಂಗಳೂರು ತುಮಕೂರಲ್ಲಿ ಇದಾರೆ, ಅವರನ್ನ ಯಾರೂ ಕೇಳೇ ಇಲ್ಲ. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. ಭಾಷಣ ಇಲ್ಲ, ಭಾನುವಾರ ಎಲೆಕ್ಷನ್ ಇದೆ, ಶುಕ್ರವಾರ ಕ್ರಿಸ್‌ಮಸ್ ರಜ, ಬಂದು ಅಪ್ಪ ಅಮ್ಮನ್ನ ನೋಡ್ಕೊಂಡು ಹೋಗಿ ಅಂತ ಅಷ್ಟೇ. ಬಸ್ ಚಾರ್ಜ್ ಕೊಡ್ತೀಯಾ ಅಂತ ಕೇಳ್ದೋರೂ ಇದ್ರು, ಇಲ್ಲ ಅಂದೆ, ಅವರಲ್ಲಿ ಕೆಲವರು ಬೇರೆಯೋರ ಟಿಟಿ ಗಾಡೀಲಿ ಬಂದ್ರು. ಬಂದು ಯಾರಿಗೆ ಹಾಕಿದ್ರೋ ಶಿವನಿಗೇ ಗೊತ್ತು.

ಎದುರಾಳಿ ಕಡೆಯಿಂದ ಕೋಳಿ, ಕ್ವಾರ್ಟರ್ ಎಲ್ಲ ಹಂಚಿದ್ರು. ನನ್ ಹತ್ರ ಇದ್ದಿದ್ದು ಉಳಿತಾಯದ 40 ಸಾವಿರ, ಕರಪತ್ರ, ಪೆಟ್ರೋಲು, ಜೊತೆ ಹುಡುಗ್ರ ಟೀ ತಿಂಡಿಗೆ ಹೋಯ್ತು. ಕೊಟ್ಟೋರಿಗೇ ಜನ ವೋಟ್ ಹಾಕ್ತಾರೆ ಅನ್ನೋದು ಪೂರ್ತಿ ನಿಜ ಅಲ್ಲ, ಕೊಡ್ದೇ ಇರೋನನ್ನ ಜಿಪುಣ ಅಂತ ಬೈಯೋದಂತೂ ನಿಜ.

ಹೊಸಬರು ಎಡವೋದು ಮೂರು ಸೀಟಿನ ಆಟದಲ್ಲಿ. ಮೂರು ಸೀಟಿದ್ರೆ ಒಬ್ಬೊಬ್ಬ ವೋಟರ್‌ಗೂ ಮೂರು ಮುದ್ರೆ. ನಾವು ಮೂರು ಜನ ಟೀಮ್ ಮಾಡ್ಕೊಂಡು ಮೂರೂ ಮುದ್ರೆ ನಮಗೇ ಒತ್ತಿ ಅಂತ ಕೇಳ್ತಿದ್ವಿ. ಕೊನೇ ಎರಡು ದಿನ ನಮ್ ಟೀಮಿನ ಒಬ್ಬರೇ ಮನೆ ಮನೆಗೆ ಹೋಗಿ ಅವ್ನು ಹೆಂಗೂ ಗೆಲ್ತಾನೆ, ನಂಗೊಂದೇ ಹಾಕಿ ಅಂತ ಪಿಸುಗುಟ್ಟಿದಾರೆ. ಜಗಳ ಆಡೋಕೂ ಟೈಮಿಲ್ಲ. ಇನ್ನೊಂದು, ಬೀದರ್ ಬಿಟ್ರೆ ಆ ಸಲ ಎಲ್ಲಾ ಕಡೆ ಬ್ಯಾಲೆಟ್ ಪೇಪರ್ರು, ಮೂರರ ಬದಲು ನಾಕು ಮುದ್ರೆ ಒತ್ತಿದ್ರೆ ಆ ಚೀಟಿ ಕುಲಗೆಟ್ಟ ಮತ, ಲೆಕ್ಕಕ್ಕೇ ಬರಲ್ಲ. ನಾನು ವಯಸ್ಸಾದೋರಿಗೆ ಮಾದರಿ ಚೀಟಿ ತೋರಿಸಿ ಬೆರಳಲ್ಲಿ ಎಣಿಸಿ ಹೇಳಿಕೊಟ್ಟಿದ್ದೆ, ಆದ್ರೂ 30ನೇ ತಾರೀಖು ಎಣಿಕೇಲಿ ನನ್ ಆಟೋ ಮೇಲೆ ಮುದ್ರೆ ಇದ್ದ ಎಷ್ಟೋ ಚೀಟಿ ಪಕ್ಕಕ್ಕೆ ಹೋಗ್ತಿರೋದನ್ನ ನೋಡ್ತಾ ಹೊಟ್ಟೆ ತೊಳಸ್ತಿತ್ತು. 14 ವೋಟಲ್ಲಿ ಗೆದ್ದೆ. ಚಿಕ್ಕಪ್ಪ ಎರಡನೇ ಸ್ಥಾನ. ಚಿಕ್ಕಮ್ಮ ಇವತ್ತಿಗೂ ನೆಟ್ಟಗೆ ಮಾತಾಡಲ್ಲ.

ಗೆದ್ಮೇಲೆ ಅಧ್ಯಕ್ಷಗಿರಿ, 30 ತಿಂಗಳದ್ದು. ಅಧ್ಯಕ್ಷರನ್ನ ಆರಿಸೋದು ಮೆಂಬರ್‌ಗಳೇ, ಅದಕ್ಕೆ ಆ ಕುರ್ಚಿ ಬೇಕಾದೋರು ಮೆಂಬರ್‌ಗಳನ್ನ ಗಾಡಿ ಹತ್ತಿಸ್ಕೊಂಡು ಟೂರ್ ಹೋದ್ರು, ನಾನು ಹತ್ತಲಿಲ್ಲ, ಅದಕ್ಕೆ ಮೊದಲ ವರ್ಷ ನನ್ ವಾರ್ಡಿನ ಯಾವ ಕೆಲಸಾನೂ ಮೇಲೆ ಬರ್ಲಿಲ್ಲ. ಮೊದಲ ಮೀಟಿಂಗಲ್ಲೇ ನಮ್ ಬೀದಿಗೆ ಸಿಮೆಂಟ್ ರಸ್ತೆ ಕೇಳಿ ಪೆಚ್ಚಾದೆ. 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಪಂಚಾಯ್ತಿಗೆ ಬರೋ ದುಡ್ಡಲ್ಲಿ 60 ಪರ್ಸೆಂಟ್ ಕುಡಿಯೋ ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದು, ನರೇಗಾದಲ್ಲಿ ಕೂಲಿ ಕಮ್ಮಿ ಅಂದ್ರೂ 60 ಪರ್ಸೆಂಟ್ ಇರ್ಬೇಕು, ಸಾಮಗ್ರಿ 40 ದಾಟೋ ಹಂಗಿಲ್ಲ, ರಸ್ತೆ ಅಂದ್ರೆ ಬರೀ ಸಾಮಗ್ರಿ ಅಂತ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮೇಡಂ ಸಮಾಧಾನವಾಗಿ ಹೇಳಿದ್ರು. ಆಮೇಲೆ ದಾರಿ ಸಿಕ್ತು, ಹೊಲದೋರ ಹತ್ರ ಬದು ಕೆಲಸಕ್ಕೆ ಅರ್ಜಿ ಹಾಕಿಸಿ ಕೂಲಿ ಲೆಕ್ಕ ಏರಿಸಿದ್ವಿ, ಅದರ ಬಲದ ಮೇಲೆ ಚರಂಡಿ ಆಯ್ತು. ಗೌರವಧನ ತಿಂಗಳಿಗೆ 1000 ಇತ್ತು, 2022ರಲ್ಲಿ 2000 ಮಾಡಿದ್ರು. ಆದ್ರಿಂದ ಹೊಟ್ಟೆಪಾಡಿಗೆ ಬೇರೆ ಕೆಲಸ ಇರ್ಲೇಬೇಕು, ನಂಗೆ ತೆಂಗಿನ ತೋಟ ಮತ್ತೆ ಒಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ.

ಮೀಸಲಾತಿ ತಿರುಗುತ್ತೆ. ಮುಂದಿನ ಸಲ ಸೀಟು ಮಹಿಳೆಗೆ ಬಂದ್ರೆ ಹೆಂಡ್ತೀನ ನಿಲ್ಸು, ನೀನೇ ನಡ್ಸಬೋದು ಅಂತ ಊರಲ್ಲಿ ಹೇಳ್ತಾವ್ರೆ. ಮನೇಲಿ ಬಾಯ್ಬಿಟ್ಟೆ. ಅವಳು ಆ ನೋಟ್‌ಬುಕ್ ಎಲ್ಲಿದೆ ಅಂತ ಕೇಳಿ ಇಸ್ಕೊಂಡು, ನಾನು ನಿಂತ್ರೆ ಮೀಟಿಂಗ್ ಒಳಗೆ ಹೋಗೋಳು ನಾನು, ನೀನು ಬೈಕಲ್ಲಿ ಬಿಟ್ಟು ಆಚೆ ಟೀ ಅಂಗಡೀಲಿ ಕೂತಿರು ಅಂದ್ಲು. ಈಗ ರಾತ್ರಿ ಹೊತ್ತು ದೊಡ್ಡಮ್ಮನ ಜಗಲೀಲಿ ಕೂರೋದು ಅವಳೇ.