ಒಬ್ಬರೇ ಇರುವ ಹಿರಿಯರ ಮನೆ: ಬಾಗಿಲು, ಬಚ್ಚಲು, ಬೆಳಗಿನ ಫೋನು

ವಯಸ್ಸಾದ ಮೇಲೆ ಒಬ್ಬರೇ ಇರುವವರಿಗೆ ಬೀಳುವುದಕ್ಕಿಂತ ದೊಡ್ಡ ಅಪಾಯವೆಂದರೆ, ಬಿದ್ದದ್ದು ಯಾರಿಗೂ ಗೊತ್ತಾಗದೆ ಹೋಗುವುದು. ಸೊಂಟದ ಹತ್ತಿರ ಮೂಳೆ ಮುರಿದರೂ ಬೇಗ ಆಸ್ಪತ್ರೆ ಸೇರಿದವರು ಮತ್ತೆ ಎದ್ದು ಓಡಾಡಬಹುದು. ಅದೇ ಪೆಟ್ಟು ತಿಂದು ರಾತ್ರಿಯಿಡೀ ತಣ್ಣನೆಯ ನೆಲದ ಮೇಲೆ ಮಲಗಿದ್ದರೆ, ಮೈಭಾರಕ್ಕೆ ಅಪ್ಪಚ್ಚಿಯಾದ ಸ್ನಾಯು ಹಾಳಾಗಿ ಅದರ ವಿಷ ಮೂತ್ರಪಿಂಡಕ್ಕೆ ಇಳಿಯುತ್ತದೆ, ನೀರಿಲ್ಲದೆ ದೇಹ ಒಣಗುತ್ತದೆ, ಹಿಮ್ಮಡಿ ಮತ್ತು ಬೆನ್ನಲ್ಲಿ ಹುಣ್ಣೇಳುತ್ತದೆ. ಆದ್ದರಿಂದ ಮನೆಯಲ್ಲಿ ಏನೇ ಬದಲಾವಣೆ ಮಾಡಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ನನಗೇನಾದರೂ ಆದರೆ ಎಷ್ಟು ಹೊತ್ತಿಗೆ ಇನ್ನೊಬ್ಬರಿಗೆ ಗೊತ್ತಾಗುತ್ತದೆ? ಗೊತ್ತಾದವರು ಬಾಗಿಲು ಒಡೆಯದೆ ಒಳಗೆ ಬರಬಲ್ಲರೇ?

ಮೊದಲು ಬಾಗಿಲು

ಪಕ್ಕದ ಮನೆಗೆ ಒಂದು ಕೀಲಿ ಕೊಟ್ಟು ನಿಶ್ಚಿಂತೆಯಾಗಿರುವವರು ಬಹಳ. ಆದರೆ ರಾತ್ರಿ ಒಳಗಿನಿಂದ ಮೇಲೊಂದು ಕೆಳಗೊಂದು ಚಿಲಕ ಹಾಕಿಕೊಂಡರೆ ಆ ಕೀಲಿಯಿಂದ ಏನೂ ಉಪಯೋಗವಿಲ್ಲ. ಮುಂಬಾಗಿಲಿಗೆ ಹೊರಗಿನಿಂದ ಕೀಲಿಯಲ್ಲಿ ತೆರೆಯಬಹುದಾದ ಒಳ್ಳೆಯ ನೈಟ್ ಲ್ಯಾಚ್ ಹಾಕಿಸಿ, ರಾತ್ರಿ ಅದನ್ನೊಂದೇ ಬಳಸಿ. ಕೊಳ್ಳುವಾಗ ಒಂದು ವಿಷಯ ನೋಡಿ: ಕೆಲವು ಲ್ಯಾಚ್‌ಗಳಲ್ಲಿ ಒಳಗಡೆ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ಹೊರಗಿನ ಕೀಲಿ ಕೆಲಸ ಮಾಡುವುದಿಲ್ಲ. ಎರಡೂ ಬದಿ ಕೀಲಿ ಹಾಕುವ ಬೀಗವಾದರೆ ಒಳಗಿನ ಕೀಲಿಯನ್ನು ಬೀಗದಲ್ಲೇ ಬಿಡಬೇಡಿ. ಬಿಟ್ಟರೆ ಎಷ್ಟೋ ಬೀಗಗಳಲ್ಲಿ ಹೊರಗಿನ ಕೀಲಿ ತಿರುಗುವುದೇ ಇಲ್ಲ. ಬರೀ ಲ್ಯಾಚ್ ಸಾಲದು, ಕಳ್ಳರ ಭಯ ಎನ್ನುವವರು ಹೊರಗೆ ಕಬ್ಬಿಣದ ಗ್ರಿಲ್ ಬಾಗಿಲು ಹಾಕಿಸಿ, ಅದರ ಕೀಲಿಯನ್ನೂ ಅದೇ ಗೊಂಚಲಿಗೆ ಸೇರಿಸಿ ಕೊಡಿ. ಸರಪಳಿ ಬೇಕಿರುವುದು ಅಪರಿಚಿತರು ಬಂದಾಗ ಬಾಗಿಲು ಸ್ವಲ್ಪವೇ ತೆರೆದು ಮಾತಾಡಲು, ಅದನ್ನು ಹಾಕಿಕೊಂಡು ಮಲಗಬೇಡಿ.

ಕೀಲಿ ಒಬ್ಬರ ಹತ್ತಿರ ಮಾತ್ರ ಇದ್ದರೆ ಅವರು ಊರಿಗೆ ಹೋದ ದಿನವೇ ಬೇಕಾಗುತ್ತದೆ. ಇಬ್ಬರಿಗೆ ಕೊಡಿ. ಆರು ತಿಂಗಳಿಗೊಮ್ಮೆ ಅವರ ಕೈಯಲ್ಲೇ ಹೊರಗಿನಿಂದ ಬಾಗಿಲು ತೆಗೆಸಿ ನೋಡಿ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಬಿಗಿಯಾಗುವ ಮಲೆನಾಡು, ಕರಾವಳಿಯಲ್ಲಿ ಜುಲೈ ತಿಂಗಳಲ್ಲೂ ಒಮ್ಮೆ ನೋಡಬೇಕು.

ಗೊತ್ತಾಗುವ ಏರ್ಪಾಡು

ದಿನಕ್ಕೆರಡು ಬಾರಿ, ಗೊತ್ತುಮಾಡಿದ ಹೊತ್ತಿಗೆ ಒಂದು ಸುದ್ದಿ ಹೋಗಬೇಕು: ಬೆಳಿಗ್ಗೆ 8ರೊಳಗೆ, ರಾತ್ರಿ 9ಕ್ಕೆ. ಫೋನೋ, ವಾಟ್ಸಾಪಿನಲ್ಲಿ ಒಂದು ನಮಸ್ಕಾರವೋ, ಯಾವುದಾದರೂ ಸರಿ. ಕಳಿಸಬೇಕಾದವರು ಹಿರಿಯರೇ ಆಗಿರಲಿ. ಮಕ್ಕಳು ಮಾಡುವ ಕರೆ ಕೆಲಸದ ಗಡಿಬಿಡಿಯಲ್ಲಿ ತಪ್ಪುತ್ತದೆ, ತಪ್ಪಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಸುದ್ದಿ ಬರದಿದ್ದರೆ ಏನು ಮಾಡಬೇಕೆಂಬುದನ್ನು ಮೊದಲೇ ಬರೆದಿಡಿ: 8.15ಕ್ಕೆ ಫೋನ್, ಎತ್ತದಿದ್ದರೆ 8.30ಕ್ಕೆ ಪಕ್ಕದ ಮನೆಯವರು ಬೆಲ್ ಮಾಡುವುದು, ಉತ್ತರವಿಲ್ಲದಿದ್ದರೆ ಆಗಲೇ ಕೀಲಿ ಹಾಕಿ ಒಳಗೆ ಹೋಗುವುದು. "ಮಲಗಿರಬೇಕು, ಯಾಕೆ ಎಬ್ಬಿಸುವುದು" ಎಂಬ ಸಂಕೋಚದಲ್ಲೇ ಹೊತ್ತು ಕಳೆದುಹೋಗುತ್ತದೆ. ಹಾಗಾಗಿ ಪಕ್ಕದ ಮನೆಯವರಿಗೆ ನೀವೇ ಬಾಯಿಬಿಟ್ಟು ಹೇಳಿ: ನಾನು ಸ್ನಾನಕ್ಕೆ ಹೋಗಿದ್ದರೂ ಪರವಾಗಿಲ್ಲ, ಬಾಗಿಲು ತೆಗೆದು ಕೂಗಿ. ಮಕ್ಕಳು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇದ್ದರೆ ಬೆಳಗಿನ ಸುದ್ದಿ ಅವರಿಗೆ ಹೋಗುವುದು ಬೇಡ, ನಿಮ್ಮ ಬೆಳಗು ಅವರಿಗೆ ರಾತ್ರಿ. ಅದೇ ಊರಿನ ತಂಗಿ, ಸೋದರಳಿಯ, ಸ್ನೇಹಿತರು, ಹೀಗೆ ಬಂದು ನೋಡಬಲ್ಲವರಿಗೆ ಹೋಗಲಿ. ಹಾಲಿನವರು, ಪೇಪರ್ ಹಾಕುವವರಿಗೂ ಹೇಳಿಡಿ: ನಿನ್ನೆಯ ಪ್ಯಾಕೆಟ್ ಬಾಗಿಲಲ್ಲೇ ಇದ್ದರೆ ಪಕ್ಕದ ಮನೆಗೆ ತಿಳಿಸಿ ಹೋಗಲಿ.

ಬಿದ್ದಾಗ ಫೋನು ಮಂಚದ ಮೇಲಿದ್ದರೆ ಸಿಗುವುದಿಲ್ಲ. ಮನೆಯೊಳಗೂ ಕೊರಳಿಗೆ ಅಥವಾ ಸೊಂಟಕ್ಕೆ ಚೀಲ ಹಾಕಿ ಫೋನಿಟ್ಟುಕೊಳ್ಳಿ. ಈಗಿನ ಬಹಳಷ್ಟು ಫೋನುಗಳಲ್ಲಿ ಪವರ್ ಗುಂಡಿಯನ್ನು ಐದು ಬಾರಿ ಬೇಗಬೇಗ ಒತ್ತಿದರೆ ತುರ್ತು ಕರೆ ಹೋಗುವಂತೆ ಮಾಡಬಹುದು. ಸೆಟ್ಟಿಂಗ್‌ನಲ್ಲಿ ಅದನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ಇದಕ್ಕಿಂತ ಸರಳವಾದ ಇನ್ನೊಂದು ಉಪಾಯವಿದೆ: ವೈರಿಲ್ಲದ ಕಾಲಿಂಗ್ ಬೆಲ್. ಬೆಲ್ಲನ್ನು ಪಕ್ಕದ ಮನೆಯಲ್ಲಿಟ್ಟು, ಅದರ ಗುಂಡಿಯನ್ನು ನಿಮ್ಮ ಬಚ್ಚಲಲ್ಲಿ ನೆಲದಿಂದ ಒಂದು ಅಡಿ ಎತ್ತರಕ್ಕೆ ಅಂಟಿಸಿ. ನಿಂತು ಒತ್ತುವ ಎತ್ತರದಲ್ಲಿಟ್ಟರೆ ಬಿದ್ದವರಿಗೆ ಎಟುಕುವುದಿಲ್ಲ. ನೀರು ತಾಗಿದರೂ ಕೆಡದ ಗುಂಡಿಯೇ ಬೇಕು. ಪೆಟ್ಟಿಗೆಯ ಮೇಲೆ ಬರೆದಿರುವ ದೂರ ಬಯಲಿನ ಲೆಕ್ಕ, ಕಾಂಕ್ರೀಟ್ ಗೋಡೆ ಅಡ್ಡ ಬಂದರೆ ಅದು ಬಹಳ ಕಡಿಮೆಯಾಗುತ್ತದೆ. ಬಾಗಿಲು ಮುಚ್ಚಿಕೊಂಡು ಒತ್ತಿ ನೋಡಿಯೇ ಅಂಟಿಸಿ. ಬಿದ್ದರೆ ತಾನೇ ತಿಳಿಸುವ ಕೈಗಡಿಯಾರವನ್ನು ಮಕ್ಕಳು ಕಳಿಸಿದ್ದರೆ ಹಾಕಿಕೊಳ್ಳಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಗೋಡೆಗೆ ಒರಗಿ ಮೆಲ್ಲಗೆ ಜಾರಿ ಕುಸಿದರೆ ಅದಕ್ಕೆ ತಿಳಿಯದಿರಬಹುದು, ಚಾರ್ಜಿಗೆ ಹಾಕಿದ ಹೊತ್ತಿನಲ್ಲಂತೂ ಅದು ಕೈಯಲ್ಲೇ ಇರುವುದಿಲ್ಲ.

ತುರ್ತಿಗೆ 112, ಆಂಬುಲೆನ್ಸಿಗೆ 108. ಹಿರಿಯರ ಸಹಾಯವಾಣಿ 14567 ಮಾಹಿತಿಗೆ, ದೂರಿಗೆ, ಸಲಹೆಗೆ ಇರುವುದು. ಬಿದ್ದಾಗ ಮೊದಲು ಮಾಡುವ ಕರೆ ಅದಲ್ಲ.

ಬಚ್ಚಲುಮನೆ

ಹಣ ಸ್ವಲ್ಪವೇ ಇದ್ದರೆ ಅಷ್ಟನ್ನೂ ಇಲ್ಲೇ ಖರ್ಚುಮಾಡಿ.

ಬಾಗಿಲಿನಿಂದ ಶುರುಮಾಡೋಣ. ನಮ್ಮ ಬಚ್ಚಲುಗಳ ಬಾಗಿಲು ಸಾಮಾನ್ಯವಾಗಿ ಒಳಕ್ಕೆ ತೆರೆಯುತ್ತದೆ. ಚಿಕ್ಕ ಜಾಗದಲ್ಲಿ ಬಿದ್ದವರ ಮೈಯೇ ಅದಕ್ಕೆ ಅಡ್ಡವಾಗಿ, ಹೊರಗಿನಿಂದ ದೂಡಲಾಗುವುದಿಲ್ಲ. ಕಾರ್ಪೆಂಟರ್ ಹತ್ತಿರ ಕೀಲುಗಳನ್ನು ಬದಲಿಸಿ ಹೊರಕ್ಕೆ ತೆರೆಯುವಂತೆ ಮಾಡಿಸಿ. ಅದಾಗದಿದ್ದರೆ ಒಳಚಿಲಕವನ್ನೇ ತೆಗೆಸಿಬಿಡಿ. ಒಬ್ಬರೇ ಇರುವ ಮನೆಯಲ್ಲಿ ಅದರ ಅಗತ್ಯವಿಲ್ಲ.

ಆಮೇಲೆ ಹಿಡಿ. ಟವೆಲ್ ರಾಡ್ ಹಿಡಿಯಲ್ಲ, ಅದು ಒದ್ದೆ ಬಟ್ಟೆಯ ಭಾರಕ್ಕೆ ಮಾಡಿದ್ದು, ಆತುಕೊಂಡರೆ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಗಾಳಿ ಒತ್ತಿ ಅಂಟಿಸುವ ಪ್ಲಾಸ್ಟಿಕ್ ಹಿಡಿಯೂ ಬೇಡ, ಹಬೆಗೆ, ಸೋಪಿನ ನೀರಿಗೆ ಯಾವಾಗ ಬಿಡುತ್ತದೋ ಹೇಳಲಾಗದು. ಬೇಕಾದದ್ದು 304 ದರ್ಜೆಯ ಸ್ಟೀಲಿನ ಗ್ರ್ಯಾಬ್ ಬಾರ್: ಕೈ ಪೂರ್ತಿ ಸುತ್ತಿ ಹಿಡಿಯಲು 32ರಿಂದ 38 ಮಿ.ಮೀ. ದಪ್ಪ, ಗೋಡೆಯಿಂದ ಸುಮಾರು 40 ಮಿ.ಮೀ. ಸಂದು, 45ರಿಂದ 60 ಸೆಂ.ಮೀ. ಉದ್ದ. ಸಂದು ಇದಕ್ಕಿಂತ ಹೆಚ್ಚಿದ್ದರೆ ಜಾರಿದಾಗ ಮುಂಗೈ ಒಳಕ್ಕೆ ಸಿಕ್ಕಿಕೊಂಡು ಮೂಳೆ ಮುರಿಯುತ್ತದೆ. ಒಂದು ಕಮೋಡಿನ ಪಕ್ಕದ ಗೋಡೆಗೆ, ಒಂದು ಸ್ನಾನಕ್ಕೆ ಕೂರುವಲ್ಲಿ, ಸಾಧ್ಯವಾದರೆ ಬಾಗಿಲ ಬಳಿ ನೆಟ್ಟಗೆ ಇನ್ನೊಂದು. ಎತ್ತರವನ್ನು ಪ್ಲಂಬರ್ ಅಂದಾಜಿಗೆ ಬಿಡಬೇಡಿ. ನೀವೇ ಕೂತು ಏಳುವಾಗ ಕೈ ಸಹಜವಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿಸಿ.

ಕೆಲಸ ಕೆಡುವುದು ಗೋಡೆಯಲ್ಲಿ. ಸುಟ್ಟ ಇಟ್ಟಿಗೆ, ಗಟ್ಟಿ ಸಿಮೆಂಟ್ ಬ್ಲಾಕ್ ಆದರೆ ಆಂಕರ್ ಬೋಲ್ಟ್ ಹಿಡಿಯುತ್ತದೆ. ಹೊಸ ಅಪಾರ್ಟ್‌ಮೆಂಟುಗಳ ಹಗುರ ಎಎಸಿ ಬ್ಲಾಕಿನಲ್ಲೂ ಟೊಳ್ಳು ಬ್ಲಾಕಿನಲ್ಲೂ ಮಾಮೂಲಿ ಪ್ಲಗ್ ನಿಲ್ಲುವುದಿಲ್ಲ, ಆ ಗೋಡೆಗೆಂದೇ ಬರುವ ಕೆಮಿಕಲ್ ಆಂಕರ್ ಬೇಕು. ಹಳೆಯ ಮಣ್ಣಿನ ಗೋಡೆಯಾದರೆ ಗೋಡೆಯ ಆಸೆ ಬಿಟ್ಟು, ಕಮೋಡಿನ ಸುತ್ತ ನೆಲದ ಮೇಲೆ ನಿಲ್ಲುವ ಸ್ಟೀಲ್ ಚೌಕಟ್ಟು ತನ್ನಿ. ಟೈಲ್ಸ್ ದಾಟುವ ತನಕ ಡ್ರಿಲ್ಲನ್ನು ಹ್ಯಾಮರ್‌ನಲ್ಲಿ ಇಡಬಾರದು, ಟೈಲ್ಸ್ ಸೀಳುತ್ತದೆ. ತೂತಿನ ಸುತ್ತ ಸಿಲಿಕೋನ್ ಹಚ್ಚದಿದ್ದರೆ ನೀರಿಳಿದು ಕೆಲವೇ ವರ್ಷಗಳಲ್ಲಿ ಹಿಡಿ ಸಡಿಲವಾಗುತ್ತದೆ. ಕೆಲಸ ಮುಗಿದ ಮೇಲೆ, ಅದನ್ನು ಹಾಕಿದವರೇ ಪೂರ್ತಿ ಭಾರ ಬಿಟ್ಟು ಜಗ್ಗಿ ತೋರಿಸಲಿ. ಆಮೇಲೆ ದುಡ್ಡು ಕೊಡಿ.

ಸ್ನಾನ ಕೂತೇ ಮಾಡಿ. ಕಾಲುಗಳಿಗೆ ರಬ್ಬರ್ ಇರುವ, ಮಂಡಿ ಎತ್ತರದ ಸ್ಟೂಲು ಬೇಕು. ತಗ್ಗಿನ ಮಣೆಯಿಂದ ಏಳುವುದೇ ಕಷ್ಟ. ಎಣ್ಣೆಸ್ನಾನ ಬಿಡಲಾಗದವರು ಎಣ್ಣೆಯನ್ನು ತಲೆಗೆ ಮಾತ್ರ ಹಚ್ಚಿಕೊಳ್ಳಿ, ಅಂಗಾಲಿಗೆ ಬೇಡ, ಅದೂ ಮನೆಯಲ್ಲಿ ಇನ್ನೊಬ್ಬರಿರುವ ದಿನ. ಸೋಲಾರ್ ನೀರು ಬಿಸಿಲಿದ್ದ ದಿನ ಚರ್ಮ ಸುಲಿಯುವಷ್ಟು ಕಾದಿರುತ್ತದೆ, ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಗ್ಯಾಸ್ ಗೀಸರ್ ಬಚ್ಚಲೊಳಗಿದ್ದರೆ ಇವತ್ತೇ ಹೊರಗೆ ಹಾಕಿಸಿ. ಗಾಳಿಯಾಡದ ಕೋಣೆಯಲ್ಲಿ ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ತಲೆ ಸುತ್ತಿತು ಅನ್ನುವಷ್ಟರಲ್ಲಿ ಎಚ್ಚರ ತಪ್ಪಿರುತ್ತದೆ.

ರಾತ್ರಿ ಏಳುವುದು, ಬಿದ್ದರೆ ಏಳುವುದು

ಮಲಗಿದ್ದವರು ತಟ್ಟನೆ ಎದ್ದು ನಿಂತರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಾಗುತ್ತದೆ. ಬಿ.ಪಿ. ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಹೆಚ್ಚು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂತು, ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಿ. ಬಗ್ಗಿ ರಂಗೋಲಿ ಹಾಕಿ ಏಳುವಾಗಲೂ ಇದೇ ತೊಂದರೆ, ಗೇಟು ಹಿಡಿದು ಏಳಿ. ಮಂಚದಿಂದ ಬಚ್ಚಲ ತನಕ ದಾರಿಯಲ್ಲಿ ಸಣ್ಣ ದೀಪ ರಾತ್ರಿಯಿಡೀ ಉರಿಯಲಿ, ಕರೆಂಟ್ ಹೋದರೂ ಆರದ, ಬ್ಯಾಟರಿಯದ್ದಾದರೆ ಒಳ್ಳೆಯದು. ಆ ದಾರಿಯಲ್ಲಿ ಕಾಲೊರಸು ಇರಬಾರದು. ಹೊಸ್ತಿಲಿಗೆ ಕಣ್ಣಿಗೆ ಹೊಡೆಯುವ ಬಣ್ಣದ ಪಟ್ಟಿ ಅಂಟಿಸಿ.

ಬಿದ್ದರೆ ತಕ್ಷಣ ಏಳಲು ಹೋಗಬೇಡಿ. ಉಸಿರು ಸುಧಾರಿಸಿಕೊಂಡು ಕೈಕಾಲು ಒಂದೊಂದಾಗಿ ಆಡಿಸಿ. ತೊಡೆಸಂದಿಯಲ್ಲಿ ತಡೆಯಲಾರದ ನೋವಿದ್ದರೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ವಾಲಿದ್ದರೆ ಮೂಳೆ ಮುರಿದಿರಬಹುದು. ಅಲುಗದೆ ಸಹಾಯಕ್ಕೆ ಕರೆಯಿರಿ. ನೋವಿಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬನ್ನಿ. ಹಾಗೇ ತೆವಳಿ ಭಾರದ ಕುರ್ಚಿಯ ಹತ್ತಿರ ಹೋಗಿ, ಎರಡೂ ಕೈ ಅದರ ಮೇಲಿಟ್ಟು, ಗಟ್ಟಿಯಿರುವ ಕಾಲಿನ ಪಾದವನ್ನು ಮುಂದೆ ಊರಿ, ಎದ್ದು, ತಿರುಗಿ ಕೂತುಕೊಳ್ಳಿ. ಇದನ್ನು ಚೆನ್ನಾಗಿರುವ ದಿನ, ಮಗನೋ ಮಗಳೋ ಎದುರಿಗಿದ್ದಾಗ ಅಭ್ಯಾಸ ಮಾಡಿಡಿ. ಏಳಲಾಗದಿದ್ದರೆ ಕೈಗೆ ಸಿಕ್ಕ ಬಟ್ಟೆ ಹೊದ್ದು, ಆಗಾಗ ಮಗ್ಗುಲು ಬದಲಿಸುತ್ತ, ಪಾದ ಆಡಿಸುತ್ತ, ಪಾತ್ರೆಯೋ ಬಕೆಟ್ಟೋ ಬಡಿದು ಸದ್ದು ಮಾಡಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಸಣ್ಣ ಪೆಟ್ಟಾದರೂ, ಆಗ ಏನೂ ಅನ್ನಿಸದಿದ್ದರೂ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಒಳಗಿನ ರಕ್ತಸ್ರಾವ ನಿಧಾನವಾಗಿ ತೋರುತ್ತದೆ.

ಅಡುಗೆಮನೆ, ಮಾತ್ರೆ, ಕಾಲಿನ ಬಲ

ಗ್ಯಾಸಿನ ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಮಲಗುವ ಮುನ್ನ ರೆಗ್ಯುಲೇಟರ್ ಆಫ್. ಸೋರಿದ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಹಾಲಿಟ್ಟು ಮರೆಯುವವರಿಗೆ ಇಂಡಕ್ಷನ್ ಒಲೆ ಮೇಲು, ಹೊತ್ತು ಇಟ್ಟರೆ ತಾನೇ ಆರುತ್ತದೆ. ಪೇಸ್‌ಮೇಕರ್ ಇದ್ದರೆ ಮೊದಲು ವೈದ್ಯರನ್ನು ಕೇಳಿ. ದೇವರ ದೀಪ ತಗ್ಗಿನಲ್ಲಿದ್ದರೆ ಸೆರಗಿಗೆ ಹತ್ತುತ್ತದೆ, ಎದೆಯೆತ್ತರದ ಗೂಡಿಗೆ ಏರಿಸಿ.

ಮಾತ್ರೆಗೆ ವಾರದ ಡಬ್ಬಿ ಕೊಳ್ಳಿ, ಏಳು ದಿನಕ್ಕೆ ನಾಲ್ಕು ಹೊತ್ತಿನ ಮನೆಗಳಿರುವುದು. "ತೊಗೊಂಡೆನೋ ಇಲ್ಲವೋ" ಎಂಬ ಅನುಮಾನಕ್ಕೆ ಖಾಲಿ ಮನೆಯೇ ಉತ್ತರ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಯಲ್ಲಿರುವವರು ವೈದ್ಯರನ್ನು ಕೇಳದೆ ಏಕಾದಶಿ, ಸಂಕಷ್ಟಿಯ ಉಪವಾಸ ಮಾಡಬಾರದು. ಕೈ ನಡುಗಿ ಬೆವರಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಸಕ್ಕರೆ ನೋಡಿಕೊಳ್ಳಿ. 70ಕ್ಕಿಂತ ಕಡಿಮೆಯೇ ಇದ್ದರೆ ಇನ್ನೊಮ್ಮೆ. ಸಕ್ಕರೆ ಡಬ್ಬಿ ಮಂಚದ ಪಕ್ಕದಲ್ಲೂ ಒಂದಿರಲಿ. ಕಾಯಿಲೆ, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಒಗ್ಗದ ಔಷಧಿ, ವೈದ್ಯರು, ಹತ್ತಿರದ ಇಬ್ಬರ ಫೋನ್, ಇಷ್ಟನ್ನು ಒಂದೇ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ಕಾಲಲ್ಲಿ ಎಷ್ಟು ಬಲವಿದೆ ಎಂದು ಮನೆಯಲ್ಲೇ ತಿಳಿಯಬಹುದು. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿ, ಕೈಗಳನ್ನು ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. ಪಕ್ಕದಲ್ಲಿ ಯಾರಾದರೂ ಇರಲಿ. 70ರಿಂದ 74ರ ಹೆಂಗಸರಿಗೆ 10, ಗಂಡಸರಿಗೆ 12ಕ್ಕಿಂತ ಕಡಿಮೆಯಾದರೆ ಬೀಳುವ ಸಂಭವ ಹೆಚ್ಚು. ಮದ್ದೂ ಅದೇ: ದಿನಕ್ಕೆರಡು ಹೊತ್ತು ಹತ್ತತ್ತು ಸಲ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಒಬ್ಬರಿಗೇ ಏನು ಅಡುಗೆ ಎಂದು ಅನ್ನ, ತಿಳಿಸಾರಿನಲ್ಲೇ ದಿನ ದೂಡಿದರೆ ಈ ವ್ಯಾಯಾಮ ಹತ್ತುವುದಿಲ್ಲ. ಊಟಕ್ಕೆ ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಇರಲೇಬೇಕು.

ದುಡ್ಡಿನ ವಿಷಯ

ಪಿಂಚಣಿ, ಠೇವಣಿ ಇರುವ ಖಾತೆಗೆ ಯುಪಿಐ ಜೋಡಿಸಬೇಡಿ. ತಿಂಗಳ ಖರ್ಚಿನಷ್ಟೇ ಇರುವ ಬೇರೆ ಖಾತೆಗೆ ಜೋಡಿಸಿ. ವಿಡಿಯೋ ಕರೆಯಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿಲ್ಲ. ಪೊಲೀಸ್ ವೇಷದಲ್ಲಿ ಯಾರು ಹೆದರಿಸಿದರೂ ಫೋನ್ ಇಟ್ಟುಬಿಡಿ, ದುಡ್ಡು ಹೋಗಿದ್ದರೆ ಆ ಕ್ಷಣವೇ 1930ಕ್ಕೆ ತಿಳಿಸಿ. ನವೆಂಬರಿನ ಜೀವನ ಪ್ರಮಾಣಪತ್ರವನ್ನು ಫೋನಿನಲ್ಲಿ ಮುಖ ತೋರಿಸಿ ಮನೆಯಿಂದಲೇ ಕೊಡಬಹುದು. ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವುದಕ್ಕಿಂತ ಉಯಿಲು ಬರೆಯುವುದು ಕ್ಷೇಮ. ದಾನವೇ ಆಗಬೇಕೆಂದರೆ "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಅದನ್ನು ರದ್ದು ಮಾಡಿಸಲು ಆ ಷರತ್ತೇ ಆಧಾರ.

ಏರ್ಪಾಡು ಬದಲಿಸಬೇಕಾದಾಗ

ವರ್ಷದಲ್ಲಿ ಎರಡು ಸಲ ಬಿದ್ದರೆ, ಪಾತ್ರೆಗಳು ಮತ್ತೆ ಮತ್ತೆ ಸೀದರೆ, ಡಬ್ಬಿಯಲ್ಲಿ ಮಾತ್ರೆ ಉಳಿಯತೊಡಗಿದರೆ, ಬಟ್ಟೆ ಸಡಿಲವಾಗುವಷ್ಟು ತೂಕ ಇಳಿದರೆ, ಪರಿಚಯದ ದಾರಿ ತಪ್ಪಿದರೆ, ಈಗಿನ ಏರ್ಪಾಡು ಸಾಲದು. ಹಾಗೆಂದು ಕೂಡಲೇ ಮನೆ ಬಿಡಬೇಕೆಂದೇನಿಲ್ಲ. ಮೊದಲು ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹಿರಿಯರ ಚಿಕಿತ್ಸೆ ತಿಳಿದ ವೈದ್ಯರ ಹತ್ತಿರ ಹೋಗಿ, ಯಾವುದನ್ನು ಬಿಡಬಹುದು ಎಂದು ಕೇಳಿ. ಕಣ್ಣಿನ ಪೊರೆ, ಕಿವಿ, ನೆನಪಿನ ಶಕ್ತಿ ನೋಡಿಸಿ. ಆಮೇಲೆ ಸ್ನಾನದ ಹೊತ್ತಿಗೊಬ್ಬರು, ರಾತ್ರಿ ಮಲಗಲೊಬ್ಬರು ಎಂದು ಅಪಾಯದ ಹೊತ್ತುಗಳಿಗೆ ಮಾತ್ರ ಜನ ಗೊತ್ತುಮಾಡಿ. ಬರುವವರ ಆಧಾರ್ ಪ್ರತಿ, ಫೋಟೋ ಠಾಣೆಗೆ ಕೊಟ್ಟು ವಿಚಾರಣೆ ಮಾಡಿಸಿದ ಮೇಲೆಯೇ ಅವರ ಕೈಗೆ ಕೀಲಿ ಕೊಡಿ.