ಜರ್ಮನಿಗೆ ಚಕ್ಕುಲಿ ಕಳಿಸೋದು ಹೇಗೆ?

ಮೊದಲು ಧಾರವಾಡ ಪೇಡೆ ಪಕ್ಕಕ್ಕಿಡಿ. ಐರೋಪ್ಯ ಒಕ್ಕೂಟದ ದೇಶಗಳಿಗೆ ನಾವು ಅಂಚೆಯಲ್ಲಿ ಹಾಲಿನ, ಮಾಂಸದ ಪದಾರ್ಥ ಕಳಿಸುವ ಹಾಗಿಲ್ಲ. ತುಪ್ಪವೂ ಇಲ್ಲ. ನಮ್ಮ ದಾವಣಗೆರೆ ಬೆಣ್ಣೆಯಂತೂ ಕೇಳಲೇ ಬೇಡಿ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅದರ ಗೋಜಿಗೆ ಹೋಗಬೇಡಿ. ಸ್ಟುಟ್‌ಗಾರ್ಟ್‌ನಲ್ಲಿರುವ ಮಗಳಿಗೆ ನಾನು ಕಳಿಸೋದು ಎಣ್ಣೆಯಲ್ಲಿ ಕರಿದ ಚಕ್ಕುಲಿ, ಶೇಂಗಾ ಚಟ್ನಿಪುಡಿ, ಸಾರಿನ ಪುಡಿ. ಪುಡಿಗಳನ್ನು ಎರಡೆರಡು ಕವರ್‌ನಲ್ಲಿ ಸೀಲ್ ಮಾಡಿ, ಚಕ್ಕುಲಿ ಡಬ್ಬಿಯ ಸುತ್ತ ಹಳೇ ಪೇಪರ್ ತುರುಕಿ.

ಪ್ಯಾಕಿಂಗ್‌ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾಗಿ ಗಮನ ಕೊಡಬೇಕಾದ್ದು ಕಸ್ಟಮ್ಸ್ ಫಾರ್ಮಿಗೆ. ಪಾರ್ಸಲ್‌ಗೆ ಅದು ಸಿಎನ್ 23. ಅದರಲ್ಲಿ ಸುಮ್ನೆ ‘ಸ್ನ್ಯಾಕ್ಸ್’ ಅಂತ ಗೀಚಬೇಡಿ. ಒಂದೊಂದೂ ಬೇರೆ ಸಾಲು: ‘ಅಕ್ಕಿ ಹಿಟ್ಟಿನ ಕರಿದ ತಿಂಡಿ, 800 ಗ್ರಾಂ, ಇಷ್ಟು ರೂಪಾಯಿ’. ಬರೆಯೋದು ಇಂಗ್ಲಿಷ್‌ನಲ್ಲಿ. ಕೌಂಟರಿನವರು ಇದನ್ನೇ ಕಂಪ್ಯೂಟರಿಗೆ ಹಾಕುತ್ತಾರೆ, ಆ ಮಾಹಿತಿ ಡಬ್ಬಿಗಿಂತ ಮೊದಲೇ ಅಲ್ಲಿನ ಕಸ್ಟಮ್ಸ್‌ಗೆ ಹೋಗಿರುತ್ತದೆ. ‘ಗಿಫ್ಟ್’ ಅನ್ನೋ ಚೌಕಕ್ಕೆ ಟಿಕ್ ಹಾಕಿ. ಮನೆಯವರಿಂದ ಮನೆಯವರಿಗೆ ಹೋಗುವ 45 ಯೂರೋ ಒಳಗಿನ ಉಡುಗೊರೆಗೆ ಅಲ್ಲಿ ಸುಂಕವಿಲ್ಲ. ಬೆಲೆ ಮಾತ್ರ ನಿಜವಾದದ್ದೇ ಬರೆಯಿರಿ, ಸೊನ್ನೆ ಬರೆದರೆ ಅನುಮಾನ ಜಾಸ್ತಿ. ವಿವರ ಸರಿಯಿಲ್ಲದಿದ್ದರೆ ಡಬ್ಬಿ ಮನೆಗೆ ಬರೋದಿಲ್ಲ. ಬರೋದು ಕಸ್ಟಮ್ಸ್ ಕಚೇರಿಯ ಪತ್ರ. ಮಗಳು ಕೆಲಸಕ್ಕೆ ರಜೆ ಹಾಕಿ ಅಲ್ಲಿಗೆ ಹೋಗಿ, ಅಧಿಕಾರಿಯ ಎದುರು ಚಟ್ನಿಪುಡಿ ಬಿಚ್ಚಿ ತೋರಿಸಬೇಕು!

ಪಾರ್ಸಲ್‌ಗೆ ತುಂಬುವ ಕಾಗದಗಳಲ್ಲಿ ಯಾರೂ ಓದದ ಒಂದು ಜಾಗವಿದೆ: ತಲುಪಿಸಲು ಆಗದಿದ್ದರೆ ವಾಪಸ್ ಕಳಿಸಬೇಕೋ, ಅಲ್ಲೇ ಬಿಡಬೇಕೋ? ವಾಪಸ್ ಅಂದರೆ ಅದರ ಖರ್ಚು ನಮ್ಮ ತಲೆಗೆ ಬರಬಹುದು. ರೇಷ್ಮೆ ಸೀರೆಯಾದರೆ ಸರಿ, ಚಕ್ಕುಲಿಗೆ ಯಾಕೆ ಅಲ್ವಾ? ನಾನು ಬಿಟ್ಟುಬಿಡಿ ಅಂತಲೇ ಟಿಕ್ ಹಾಕೋದು.

ಆಧಾರ್ ಜೆರಾಕ್ಸ್ ಒಯ್ಯಿರಿ. ಪೆಟ್ಟಿಗೆಯ ಬಾಯಿಗೆ ಕೊನೇ ಟೇಪು ಕೌಂಟರಿನಲ್ಲೇ ಹಾಕಿ, ಒಳಗೇನಿದೆ ತೋರಿಸಿ ಅನ್ನಬಹುದು.

ರಶೀದಿಯಲ್ಲಿ 13 ಅಕ್ಷರ-ಅಂಕಿಗಳ ನಂಬರ್ ಇರುತ್ತದೆ. ಮೊದಲ ಎರಡು ಅಕ್ಷರ ಯಾವ ಸೇವೆ ಅಂತ ಹೇಳುತ್ತವೆ, ಕೊನೆಯ ‘ಐಎನ್’ ಭಾರತದ್ದು. ದೇಶಗಳ ಅಂಚೆಯವರು ಒಪ್ಪಿಕೊಂಡ ನಮೂನೆ ಇದು, ಹಾಗಾಗಿ ಡಬ್ಬಿ ಜರ್ಮನಿ ಮುಟ್ಟಿದ ಮೇಲೆ ಅಲ್ಲಿ ಪಾರ್ಸಲ್ ತಲುಪಿಸುವ ಡಿಎಚ್‌ಎಲ್‌ನವರ ವೆಬ್‌ಸೈಟಿನಲ್ಲೂ ಇದೇ ನಂಬರ್ ಹಾಕಿ ನೋಡಿ. ನಡುವೆ ಕೆಲವು ದಿನ ಸುದ್ದಿಯೇ ಇರೋದಿಲ್ಲ. ‘ವಿದೇಶಕ್ಕೆ ರವಾನೆ’ ಅಂತ ಬಂದರೆ ಅಂಚೆ ಚೀಲ ಕಟ್ಟಿ ಕಳಿಸಿದ್ದಾರೆ ಅಂತಷ್ಟೇ, ವಿಮಾನ ಹಾರಿದೆ ಅಂತಲ್ಲ. ಅಲ್ಲಿ ಚೀಲ ಬಿಚ್ಚಿ ಸ್ಕ್ಯಾನ್ ಮಾಡುವವರೆಗೆ ಕಾಯಬೇಕು.

ತೀರಾ ತಡವಾದರೆ ಬುಕ್ ಮಾಡಿದ ಅಂಚೆ ಕಚೇರಿಯಲ್ಲೇ ನೀವು ದೂರು ಕೊಡಿ. ಅದಕ್ಕೆ 6 ತಿಂಗಳ ಗಡುವಿದೆ. ರಶೀದಿಯ ಫೋಟೋ ಅವತ್ತೇ ತೆಗೆದಿಡಿ, ಆ ಕಾಗದದ ಮೇಲಿನ ಅಕ್ಷರ ಬೇಗ ಮಾಸಿಹೋಗುತ್ತದೆ.