ಜಿಪ್ಸಿಯನ್ನು ಎತ್ತುವ ಮುಂಚೆ ಅಳೆದದ್ದು

ನಮ್ಮ ತೋಟ ಸಕಲೇಶಪುರದಿಂದ ಬಿಸಿಲೆ ಕಡೆ ಹೋಗುವ ದಾರಿಯಲ್ಲಿದೆ. ಟಾರು ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಕಣ ಸಿಗುವವರೆಗೆ ಎರಡೂವರೆ ಕಿಲೋಮೀಟರ್ ಮಣ್ಣುದಾರಿ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಗೊಬ್ಬರ ತರುವ ಟ್ರ್ಯಾಕ್ಟರ್ ಎರಡೂ ಬದಿ ಜಾಡು ಕೊರೆದು ನಡುವೆ ದಿಣ್ಣೆ ಉಳಿಸುತ್ತದೆ. ನನ್ನ ಮಾರುತಿ ಜಿಪ್ಸಿಯ ಹಿಂದಿನ ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ, ನಡುವೆ ಉಬ್ಬಿರುವ ಭಾಗ) ಆ ದಿಣ್ಣೆಯನ್ನು ಉಳುತ್ತಾ ಹೋಗುತ್ತಿತ್ತು. ಆಗಸ್ಟ್ ಹೊತ್ತಿಗೆ ಅದರ ತಳದ ಬಣ್ಣ ಪೂರ್ತಿ ಹೋಗಿ ಕಬ್ಬಿಣ ಫಳಫಳ ಹೊಳೆಯುತ್ತಿತ್ತು. 2007ರ ಮಾಡೆಲ್, 1.3 ಲೀಟರ್ ಪೆಟ್ರೋಲ್ ಎಂಜಿನ್, ನಾಲ್ಕು ಮೂಲೆಗೂ ಕಮಾನ್ ಪಟ್ಟೆ, ಅಂದರೆ ಲೀಫ್ ಸ್ಪ್ರಿಂಗ್. ನಾನು ಕೊಳ್ಳುವಾಗಲೇ ಎರಡು ಕೈ ದಾಟಿ ಬಂದಿತ್ತು.

ಗಾಡಿ ಎತ್ತರ ಮಾಡಿಸಬೇಕು ಅನ್ನುವುದು ಮೊದಲೇ ನಿರ್ಧಾರವಾಗಿತ್ತು. ಏನನ್ನು ಎತ್ತಬೇಕು, ಎಷ್ಟು, ಯಾಕೆ ಎಂದು ನಾನು ಕೇಳಿಕೊಳ್ಳಲೇ ಇಲ್ಲ. ಅಗ್ಗವಾಗಿ ಸಿಕ್ಕಿದ್ದು ಉದ್ದನೆಯ ಶ್ಯಾಕಲ್. ಕಮಾನಿನ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಜೋಡಿ ಪಟ್ಟಿ ಅದು. ಕಂಪನಿಯದಕ್ಕಿಂತ 2 ಇಂಚು ಉದ್ದದ್ದನ್ನು ನಾಲ್ಕು ಕಡೆಗೂ ತರಿಸಿದೆ. 2 ಇಂಚು ಎತ್ತರ ಸಿಗುತ್ತದೆ ಎಂದು ಮಾರಿದವರು ಹೇಳಿದ್ದರು. ಹಾಕಿಸಿ ನೋಡಿದರೆ ಏರಿದ್ದು ಒಂದೇ ಇಂಚು.

ಏರಬೇಕಾದದ್ದೂ ಅಷ್ಟೇ. ಕಮಾನಿನ ಒಂದು ತುದಿ ಚಾಸಿಗೆ ಕಟ್ಟಿಹಾಕಿದಂತೆ ಇರುತ್ತದೆ, ಶ್ಯಾಕಲ್ ಇರುವ ತುದಿ ಮಾತ್ರ ಕೆಳಗಿಳಿಯುತ್ತದೆ. ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ ಕೂತಿರುವುದು ನಟ್ಟನಡುವೆ, ಹಾಗಾಗಿ ಅದರ ಪಾಲಿಗೆ ಬರುವುದು ಅರ್ಧ. ಇದಕ್ಕಿಂತ ಕೆಟ್ಟದ್ದು ಗಾಡಿಯ ಮುಂಭಾಗದಲ್ಲಿ ಆಯಿತು. ಜಿಪ್ಸಿಯಲ್ಲಿ ಮುಂದಿನ ಶ್ಯಾಕಲ್ ಇರುವುದು ಕಮಾನಿನ ಮುಂತುದಿಯಲ್ಲಿ, ಬಂಪರ್ ಹತ್ತಿರ. ಆ ತುದಿ ಇಳಿದರೆ ಕಮಾನು ಮುಂದಕ್ಕೆ ವಾಲುತ್ತದೆ, ಅದರ ಜೊತೆಗೆ ಆಕ್ಸಲ್ ಕೂಡ ಮುಂದಕ್ಕೆ ಹೊರಳುತ್ತದೆ. ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ, ಅಂದರೆ ಕಿಂಗ್‌ಪಿನ್, ಹಿಂದಕ್ಕೆ ಸ್ವಲ್ಪ ಒರಗಿರಬೇಕು; ಕ್ಯಾಸ್ಟರ್ ಎನ್ನುವುದು ಅದನ್ನೇ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವುದು ಅದರಿಂದ. ನನ್ನ ಗಾಡಿಯಲ್ಲಿ ಆ ಓರೆ ಬಹುಪಾಲು ಹೋಗಿಬಿಟ್ಟಿತ್ತು. ಶಿರಾಡಿ ಘಾಟಿ ಇಳಿಯುವಾಗ ಪ್ರತಿ ತಿರುವಿನ ನಂತರವೂ ಸ್ಟೀರಿಂಗನ್ನು ನಾನೇ ಎಳೆದು ತರಬೇಕಾಯಿತು. ಎದುರಿಗೆ ಟ್ಯಾಂಕರ್‌ಗಳ ಸಾಲು, ಪಕ್ಕದಲ್ಲಿ ಅಪ್ಪ. ಗುಂಡ್ಯ ತಲುಪುವವರೆಗೆ ಅವರು ಒಂದು ಮಾತೂ ಆಡಲಿಲ್ಲ. ಗಾಡಿ ನಿಲ್ಲಿಸಿದಾಗ ನನ್ನ ಅಂಗೈ ಒದ್ದೆಯಾಗಿತ್ತು.

ಮರುವಾರವೇ ಹಾಸನಕ್ಕೆ ಹೋದೆ. ಲಾರಿಗಳಿಗೆ ಕಮಾನು ಕಟ್ಟುವ ಹಿರಿಯ ಮೇಸ್ತ್ರಿಯೊಬ್ಬರು ಅಲ್ಲಿದ್ದಾರೆ. ಬಗ್ಗಿ ಒಮ್ಮೆ ನೋಡಿದವರೇ, "ಗೌಡ್ರೆ, ಹೈಟ್ ಮಾಡೋದು ಒಂದು ದಿನದ ಕೆಲಸ. ಹೈಟ್ ಮಾಡಿದ ಗಾಡೀನ ರೋಡಲ್ಲಿ ನೆಟ್ಟಗೆ ಓಡ್ಸೋದು ಒಂದು ತಿಂಗಳ ಕೆಲಸ. ಈ ಕಮಾನ್ ಎಷ್ಟು ಕೂತೈತೆ ಅಂತ ಅಳೆದಿದ್ದೀರಾ ಮೊದ್ಲು?" ಎಂದರು. ಅಳೆದಿರಲಿಲ್ಲ. ಶ್ಯಾಕಲ್ ಬಿಚ್ಚಿಸಿ ಹಳೆಯದನ್ನೇ ಹಾಕಿಸಿಕೊಂಡು, ಟೇಪು ಹಿಡಿದು ಮನೆಗೆ ಬಂದೆ.

ಅಳತೆಗೊಂದು ಕ್ರಮವಿದೆ. ನೆಲದಿಂದ ಅಳೆದರೆ ಟಯರಿನ ಗಾಳಿ, ಸವೆತ ಎಲ್ಲವೂ ಲೆಕ್ಕದಲ್ಲಿ ಸೇರಿಕೊಳ್ಳುತ್ತವೆ. ಚಕ್ರದ ಹಬ್ಬಿನ ನಡುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಬೇಕು. ಗಾಡಿ ಕಣದಂಥ ಮಟ್ಟಸ ನೆಲದಲ್ಲಿರಬೇಕು, ಒಳಗೆ ಸಾಮಾನು ಇರಬಾರದು. ಹತ್ತು ಮೀಟರ್ ಮುಂದೆ ಹಿಂದೆ ಓಡಿಸಿ ನಿಲ್ಲಿಸಿದ ಮೇಲೆ ಟೇಪು ಹಿಡಿಯಬೇಕು. ಪಕ್ಕದ ತೋಟದವರ ಹತ್ತಿರ ಹೆಚ್ಚು ಓಡದ, ಕಮಾನು ಮುಟ್ಟದ ಜಿಪ್ಸಿಯೊಂದಿತ್ತು. ಅದನ್ನೂ ಹೀಗೆಯೇ ಅಳೆದು ಹೋಲಿಸಿದೆ. ನನ್ನದು ಮುಂದೆ ಎಡಕ್ಕೆ 30 ಮಿಲಿಮೀಟರ್, ಬಲಕ್ಕೆ 38, ಹಿಂದೆ ಎಡಕ್ಕೆ 42, ಬಲಕ್ಕೆ 55 ಕೂತಿತ್ತು. ನಾನು ದುಡ್ಡು ಕೊಟ್ಟು ಕೊಳ್ಳಹೊರಟ 2 ಇಂಚು ಎತ್ತರದ ಬಹುಪಾಲು ಹಿಂದೊಮ್ಮೆ ಈ ಗಾಡಿಯಲ್ಲೇ ಇತ್ತು. ವರ್ಷಗಟ್ಟಲೆ ಗೊಬ್ಬರ, ಕಾಫಿ ಮೂಟೆ ಹೊತ್ತು ಅದನ್ನು ಕಳೆದುಕೊಂಡಿತ್ತು.

ಎರಡನೆಯ ಸಂಗತಿ ಹೊಳೆದದ್ದು ಗಾಡಿಯ ಅಡಿ ಮಲಗಿದ್ದಾಗ. ದಿಣ್ಣೆಗೆ ಬಡಿಯುತ್ತಿದ್ದದ್ದು ಡಿಫರೆನ್ಷಿಯಲ್. ಅದು ಆಕ್ಸಲ್ ಹೌಸಿಂಗಿನ, ಅಂದರೆ ಆಕ್ಸಲನ್ನು ಮುಚ್ಚಿರುವ ಕಬ್ಬಿಣದ ಕವಚದ ಭಾಗ. ಹೌಸಿಂಗ್ ಕೂತಿರುವುದು ಚಕ್ರಗಳ ಮೇಲೆ. ಕಮಾನನ್ನು ಎಷ್ಟೇ ಎತ್ತರ ಮಾಡಿದರೂ ಮೇಲೇರುವುದು ಚಾಸಿ ಮತ್ತು ಬಾಡಿ. ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟಯರ್ ಒಂದೇ. ಕಂಪನಿಯ 205/70 ಆರ್ 15 ಟಯರಿನ ವ್ಯಾಸ 668 ಮಿಲಿಮೀಟರ್. 215/75 ಆರ್ 15 ಹಾಕಿದರೆ ಸುಮಾರು 703. ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧ, ಅಂದರೆ 18 ಮಿಲಿಮೀಟರ್, ನೆಲದಿಂದ ದೊರೆಯುವ ಎತ್ತರ. 235/75ಕ್ಕೆ ಹೋದರೆ 33 ಸಿಗುತ್ತದೆ. ಆದರೆ ಚಕ್ರದ ಸುತ್ತಳತೆ ಹತ್ತು ಪ್ರತಿಶತದಷ್ಟು ಹೆಚ್ಚಿ ಈ ಪುಟ್ಟ ಎಂಜಿನ್ ಏರಿನಲ್ಲಿ ಉಸಿರು ಕಟ್ಟುತ್ತದೆ, ಕ್ಲಚ್ ಸವೆಯುತ್ತದೆ, ಮಡ್‌ಗಾರ್ಡ್ ಕತ್ತರಿಸಬೇಕಾಗುತ್ತದೆ. ನಾನು 215ಕ್ಕೆ ನಿಂತೆ. ಸ್ಪೀಡೋಮೀಟರ್ ಐದು ಪ್ರತಿಶತ ಕಡಿಮೆ ತೋರಿಸುತ್ತದೆ ಎನ್ನುವುದನ್ನು ನೆನಪಿಟ್ಟುಕೊಂಡರೆ ಸಾಕು.

ಹಾಗಾದರೆ ಕಮಾನು ಎತ್ತರ ಮಾಡುವುದು ಯಾಕೆ? ದೊಡ್ಡ ಟಯರ್ ಮಡ್‌ಗಾರ್ಡಿಗೆ ಉಜ್ಜದಿರಲಿ ಎಂದು, ಮತ್ತು ಚಕ್ರ ಕೆಳಕ್ಕೆ ಚಾಚಿ ಗುಂಡಿಯ ತಳ ಮುಟ್ಟಲಿ ಎಂದು. ಈ ಎರಡನೆಯದನ್ನು ನಾನು ಬಹಳ ಮುಖ್ಯ ಎಂದುಕೊಂಡಿದ್ದೇನೆ. ಜಿಪ್ಸಿಯ ಡಿಫರೆನ್ಷಿಯಲ್‌ಗೆ ಲಾಕ್ ಇಲ್ಲ. ಒಂದು ಚಕ್ರ ಗಾಳಿಯಲ್ಲಿ ತೂಗಿದರೆ ಆ ಆಕ್ಸಲಿನ ಶಕ್ತಿಯೆಲ್ಲ ಅಲ್ಲೇ ಗಿರಗಿರ ತಿರುಗಿ ಹಾಳಾಗುತ್ತದೆ. ಗಡುಸು ಕಮಾನು ಹಾಕಿ ಎತ್ತರ ಪಡೆದರೆ ಚಕ್ರ ಬೇಗ ನೆಲ ಬಿಡುತ್ತದೆ. ಎತ್ತರ ನೋಡಲು ಚೆನ್ನ, ದಾರಿಗೆ ಪ್ರಯೋಜನವಿಲ್ಲ.

ಕಮಾನನ್ನು ಆಕ್ಸಲಿನ ಅಡಿಯಿಂದ ತೆಗೆದು ಮೇಲೆ ಕೂರಿಸುವ ಪದ್ಧತಿಯೂ ಇದೆ. ಒಂದೇ ಏಟಿಗೆ 4–5 ಇಂಚು ಏರುತ್ತದೆ. ಸ್ನೇಹಿತರಿಬ್ಬರು ಮಾಡಿಸಿಕೊಂಡಿದ್ದಾರೆ, ಕೆಸರಿನ ಸ್ಪರ್ಧೆಗೆ ಅವರ ಗಾಡಿ ಸರಿಯಾಗಿಯೇ ಇದೆ. ನನಗೆ ಬೇಡವೆನಿಸಿತು. ಜಿಪ್ಸಿಯ ಎಡಬಲ ಚಕ್ರಗಳ ನಡುವಿನ ಅಂತರ ಸುಮಾರು 1.3 ಮೀಟರ್ ಅಷ್ಟೇ. ನಮ್ಮ ತೋಟದ ದಾರಿಗಳು ಗುಡ್ಡದ ಮೈಗೆ ಅಡ್ಡಲಾಗಿ ಕಡಿದವು, ಒಂದು ಬದಿ ಯಾವಾಗಲೂ ತಗ್ಗು. ಹಿಂದೆ ಆಳುಗಳು ಕೂತಿರುತ್ತಾರೆ. ಅಷ್ಟು ಎತ್ತರ ಮಾಡಿ ಅವರನ್ನು ಆ ಅಂಚಿನಲ್ಲಿ ಕರೆದೊಯ್ಯಲು ನನಗೆ ಧೈರ್ಯವಿಲ್ಲ. ಜೊತೆಗೆ ಸ್ಟೀರಿಂಗನ್ನು ಚಕ್ರದ ಕಡೆಗೆ ಜೋಡಿಸುವ ಕಂಬಿ, ಅಂದರೆ ಡ್ರ್ಯಾಗ್ ಲಿಂಕ್, ತೀರಾ ಓರೆಯಾಗುವುದರಿಂದ ಅದಕ್ಕೆ ಬಾಗಿಸಿದ ಲಿಂಕ್ ಬೇಕು, ಆಕ್ಸೆಲರೇಟರ್ ಒತ್ತಿದಾಗ ಹೌಸಿಂಗ್ ಹೊರಳದಂತೆ ಹಿಂದೆ ತಡೆಕಂಬಿ ಬೇಕು, ಎಂಜಿನ್ ಕಡೆಯಿಂದ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಉದ್ದ ಮಾಡಿಸಬೇಕು. ಒಂದರ ಬಾಲ ಹಿಡಿದು ಇನ್ನೊಂದು.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೂಲ ವಿನ್ಯಾಸವನ್ನು ಬದಲಿಸುವುದಕ್ಕೆ ಅಡ್ಡಿ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದಾಯಿತು. ಏನೇ ಹಾಕಿಸುವ ಮುಂಚೆಯೂ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಚಾಸಿಗಾಗಲಿ ಹೌಸಿಂಗಿಗಾಗಲಿ ವೆಲ್ಡಿಂಗ್ ಮುಟ್ಟಿಸಬಾರದು, ಬೋಲ್ಟ್ ಬಿಚ್ಚಿದರೆ ಗಾಡಿ ಮೊದಲಿನಂತಾಗಬೇಕು ಎಂಬ ಗೆರೆಯನ್ನು ನಾನು ಹಾಕಿಕೊಂಡೆ.

ಕಮಾನಿಗೆ ಮೂರು ದಾರಿಗಳಿದ್ದವು. ಹಳೆಯ ಪಟ್ಟೆಗಳಿಗೇ ಮತ್ತೆ ಬಾಗು ಕೊಡಿಸಬಹುದಿತ್ತು, ಖರ್ಚು ಕಡಿಮೆ. "ದಣಿದ ಪಟ್ಟೆ ಅದು, ಒಂದು ಮಳೆಗಾಲ ಕಳೆಯೋದ್ರೊಳಗೆ ಮತ್ತೆ ಕೂತ್ಕಂತದೆ," ಎಂದು ಮೇಸ್ತ್ರಿಯೇ ಬೇಡವೆಂದರು. ಇದ್ದ ಕಟ್ಟಿಗೆ ಒಂದು ಪಟ್ಟೆ ಸೇರಿಸಿದರೆ ಎತ್ತರದ ಜೊತೆ ಗಡುಸೂ ಬರುತ್ತದೆ. ಉಳಿದದ್ದು ಹೊಸ ಕಟ್ಟು. ಹೊರದೇಶದ ಕಿಟ್‌ಗಳನ್ನೂ ವಿಚಾರಿಸಿದೆ. ನಮ್ಮ ಜಿಪ್ಸಿಯ ಬಳಗದ್ದೇ ಗಾಡಿ ಅಮೆರಿಕದಲ್ಲಿ ಸಮುರಾಯ್, ಆಸ್ಟ್ರೇಲಿಯಾದಲ್ಲಿ ಸಿಯೆರಾ ಎಂಬ ಹೆಸರಿನಲ್ಲಿ ಮಾರಾಟವಾಗಿತ್ತು. ಆದರೆ ಸಮುರಾಯ್‌ನ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 2,030 ಮಿಲಿಮೀಟರ್, ಜಿಪ್ಸಿಯದು 2,375. ಕಮಾನು ಒಗ್ಗುತ್ತದೋ ಎಂದು ಅದರ ತುದಿಯ ಕಣ್ಣಿಯಿಂದ ಕಣ್ಣಿಗೆ ಅಳೆದು ನೋಡಬೇಕು, ಪ್ರೊಪೆಲ್ಲರ್ ಶಾಫ್ಟಂತೂ ಒಗ್ಗುವುದಿಲ್ಲ. ಸಾಗಣೆ, ಸುಂಕ ಸೇರಿಸಿದಾಗ ಬೆಲೆಯೂ ಕೈಗೆಟುಕಲಿಲ್ಲ.

ಕೊನೆಗೆ ಹೊಸ ಕಟ್ಟು ಮಾಡಿಸಿದೆವು, ಕಂಪನಿಯ ಎತ್ತರಕ್ಕಿಂತ 40 ಮಿಲಿಮೀಟರ್ ಹೆಚ್ಚು ಬಾಗಿನದು. ಬಾಗಿನಿಂದಲೇ ಎತ್ತರ ಬಂದರೆ ಕಮಾನಿನ ಎರಡು ತುದಿಗಳೂ ತಮ್ಮ ಮಟ್ಟದಲ್ಲೇ ಉಳಿಯುತ್ತವೆ, ಆಕ್ಸಲ್ ಹೊರಳುವುದಿಲ್ಲ, ಕ್ಯಾಸ್ಟರ್ ಕೆಡುವುದಿಲ್ಲ. ಹಿಂದಿನ ಕಮಾನಿಗೆ ಮೇಸ್ತ್ರಿ ಒಂದು ಉಪಾಯ ಮಾಡಿದರು. ಮೇಲಿನ ಪಟ್ಟೆಗಳನ್ನು ತೆಳುವಾಗಿಟ್ಟು, ತಳಕ್ಕೆ ಹೆಚ್ಚು ಬಾಗಿಲ್ಲದ ದಪ್ಪ ಪಟ್ಟೆಯೊಂದನ್ನು ಕೊಟ್ಟರು. ಖಾಲಿ ಇದ್ದಾಗ ಅದು ಸುಮ್ಮನಿರುತ್ತದೆ. ಆರು ಮೂಟೆ ಗೊಬ್ಬರ ಬಿದ್ದಾಗ ಮಾತ್ರ ಮೇಲಿನ ಪಟ್ಟೆಗಳು ಅದರ ಮೇಲೆ ಕೂತು ಭಾರ ಹೊರುತ್ತವೆ. ಈ ಗಾಡಿಗೆ ಮಾಡಿಸಿದ ಕೆಲಸಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದು.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳದೆ ಎರಡು ದಿನ ಕೂತು ಅಳೆದೆ. "2 ಇಂಚು ಲಿಫ್ಟಿಗೆ ಸರಿಹೋಗುತ್ತದೆ" ಎಂದು ಬರೆದ ಡಬ್ಬ ಕೊಂಡರೆ ಆ ಎರಡಿಂಚು ಎಲ್ಲಿಂದ ಎಣಿಸಿದ್ದೋ ತಿಳಿಯುವುದಿಲ್ಲ. ಹೊಸ ಕಮಾನು ಹಾಕಿ, ಶಾಕ್ ಬಿಚ್ಚಿಟ್ಟು, ಮುಂದಿನ ಒಂದು ಚಕ್ರವನ್ನು ಜಂಬಿಟ್ಟಿಗೆ ಕಲ್ಲುಗಳ ಮೇಲೆ ಹತ್ತಿಸಿದೆ. ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರ್ ಪೂರ್ತಿ ಒತ್ತಿದಾಗ ಶಾಕಿನ ಮೇಲಿನ ತೂತಿನಿಂದ ಕೆಳಗಿನ ತೂತಿಗೆ 285 ಮಿಲಿಮೀಟರ್. ಎದುರು ಬದಿಯ ಚಕ್ರ ಪೂರ್ತಿ ಜೋತುಬಿದ್ದಲ್ಲಿ 445. ನನಗೆ ಬೇಕಾದ ಶಾಕ್ ಮುಚ್ಚಿದಾಗ 285ಕ್ಕಿಂತ ಗಿಡ್ಡವಿರಬೇಕು. ಇಲ್ಲದಿದ್ದರೆ ಬಂಪ್ ಸ್ಟಾಪ್ ಮುಟ್ಟುವ ಮೊದಲೇ ಶಾಕ್ ತಳಕ್ಕೆ ಗುದ್ದಿ ಒಡೆಯುತ್ತದೆ. ಚಾಚಿದಾಗ 445ರ ಹತ್ತಿರ ಬರಬೇಕು. ಇಲ್ಲದಿದ್ದರೆ ಚಕ್ರವನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸುತ್ತದೆ, ಕಮಾನಿಗೆ ಹಾಕಿದ ದುಡ್ಡು ವ್ಯರ್ಥ. ಉದ್ದ ಜಾಸ್ತಿ ಆರಿಸಿದರೆ ಮುಚ್ಚಿದ ಅಳತೆಯೂ ಜಾಸ್ತಿಯಾಗುತ್ತದೆ, ಕಡ್ಡಿಗೆ ಹೋಗಿ ಕೂರಲು ಕೊಳವೆ ಬೇಕಲ್ಲ. ಎರಡು ತುದಿಗೂ ಒಗ್ಗುವುದು ಅಪರೂಪ. ನನಗೆ ಸಿಕ್ಕಿದ್ದು ಮುಚ್ಚಿದರೆ 280, ಚಾಚಿದರೆ 440 ಇರುವ ಒಂದು ಜೋಡಿ. ಅಂಚಿಗೆ ಇದ್ದದ್ದರಿಂದ ಬಂಪ್ ಸ್ಟಾಪ್‌ಗಳ ಅಡಿಗೆ 20 ಮಿಲಿಮೀಟರ್ ದಪ್ಪದ ಬಿಲ್ಲೆ ಕೊಟ್ಟೆ. ಚಕ್ರ ತಿರುಗಿಸಿ ಏರಿದಾಗ ಟಯರ್ ಉಜ್ಜುತ್ತಿದ್ದದ್ದೂ ಅದರಿಂದಲೇ ನಿಂತಿತು.

ಚಕ್ರ ಜೋತುಬಿದ್ದಿದ್ದಾಗಲೇ ಬ್ರೇಕ್ ಹೋಸ್ ನೋಡಿದೆ. ಮುಂದಿನದು ತಂತಿಯಂತೆ ಬಿಗಿದಿತ್ತು. ಮಟ್ಟಸ ನೆಲದಲ್ಲಿ ನಿಂತ ಗಾಡಿಯಲ್ಲಿ ಇದು ಕಾಣುವುದೇ ಇಲ್ಲ. ಉದ್ದದ ಹೋಸ್ ಹಾಕಿಸಿದೆ. ಪ್ರೊಪೆಲ್ಲರ್ ಶಾಫ್ಟಿನ ಜಾರು ಹಲ್ಲುಗಳು ಇನ್ನೂ ಎಷ್ಟು ಒಳಗೆ ಕಚ್ಚಿಕೊಂಡಿವೆ ಎಂದು ಸುಣ್ಣದ ಗೆರೆ ಎಳೆದು ನೋಡಿದೆ, ಸಾಕಷ್ಟಿತ್ತು. ಸ್ಟೀರಿಂಗ್ ಚಕ್ರ ಸ್ವಲ್ಪ ಒಂದು ಕಡೆ ಓರೆಯಾಗಿತ್ತು, ಡ್ರ್ಯಾಗ್ ಲಿಂಕನ್ನು ಕೆಲವು ಸುತ್ತು ತಿರುಗಿಸಿ ಸರಿಮಾಡಿದೆವು. ಹಿಂದಿನ ಹೌಸಿಂಗಿಗೆ ಕಂಬಿ ಸೇರಿಸಿದ ಬ್ರೇಕ್ ವಾಲ್ವ್ ಇರುವ ಗಾಡಿಗಳಲ್ಲಿ ಆ ಕಂಬಿಯನ್ನೂ ಹೊಂದಿಸಬೇಕು. ಇಲ್ಲದಿದ್ದರೆ ಎತ್ತರವಾದ ಗಾಡಿಯನ್ನು ಅದು ಖಾಲಿ ಗಾಡಿ ಎಂದು ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡಿಬಿಡುತ್ತದೆ.

ಜೋಡಿಸುವಾಗ ಎರಡು ವಿಷಯಕ್ಕೆ ನಾನು ಹಟ ಹಿಡಿದೆ. ಕಮಾನನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್‌ಗಳು ಹೊಸವೇ ಆಗಬೇಕು, ಒಮ್ಮೆ ಬಿಗಿದು ಹಿಗ್ಗಿದ್ದನ್ನು ಮತ್ತೆ ನಂಬಲಾಗದು. ಇನ್ನೊಂದು, ಕಮಾನಿನ ಕಣ್ಣಿ ಮತ್ತು ಶ್ಯಾಕಲ್ ಬೋಲ್ಟ್‌ಗಳನ್ನು ಗಾಡಿ ಜ್ಯಾಕಿನ ಮೇಲಿದ್ದಾಗ ಕೊನೆಯ ಬಿಗಿ ಕೊಡಬಾರದು. ಚಕ್ರ ನೆಲಕ್ಕಿಳಿದು ಗಾಡಿ ತನ್ನ ಭಾರದಲ್ಲಿ ಕೂತ ಮೇಲೆ ಬಿಗಿಯಬೇಕು. ಜೋತಾಡುವಾಗ ಬಿಗಿದರೆ ಕಣ್ಣಿಯೊಳಗಿನ ರಬ್ಬರ್ ಬುಷ್ ಗಾಡಿ ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ, ಎತ್ತರದ ಅಳತೆಯೂ ತಪ್ಪುತ್ತದೆ. ಗ್ಯಾರೇಜಿನ ಹುಡುಗ ಆಗಲೇ ಏರ್ ಗನ್ ಹಿಡಿದಿದ್ದ. "ಬಿಡೋ, ಗೌಡ್ರು ಹೇಳೋದು ಸರಿ," ಎಂದು ಮೇಸ್ತ್ರಿ ಅವನ ಕೈಯಿಂದ ಅದನ್ನು ತೆಗೆದಿಟ್ಟರು. ಬುಷ್ ರಬ್ಬರಿನದನ್ನೇ ಹಾಕಿಸಿದೆ. ಪಾಲಿಯೂರಿಥೇನ್ ಹೆಚ್ಚು ಬಾಳುತ್ತದೆ, ಆದರೆ ಕಮಾನು ತಿರುಚುವಾಗ ರಬ್ಬರಿನಷ್ಟು ಬಗ್ಗುವುದಿಲ್ಲ.

ಕಲ್ಲು ಪೇರಿಸಿ ಚಕ್ರ ಹತ್ತಿಸುವ ಪರೀಕ್ಷೆಯನ್ನು ಹಳೆಯ ಕಮಾನಿನಲ್ಲೂ ಮಾಡಿದ್ದೆ. ಆಗ 340 ಮಿಲಿಮೀಟರ್ ಏರುವಷ್ಟರಲ್ಲಿ ಹಿಂದಿನ ಚಕ್ರವೊಂದು ನೆಲ ಬಿಟ್ಟಿತ್ತು. ಈಗ 430ರವರೆಗೆ ನಾಲ್ಕೂ ನೆಲದಲ್ಲೇ ಇರುತ್ತವೆ. ಶಿರಾಡಿಯಲ್ಲಿ ಕೈ ಸಡಿಲ ಬಿಟ್ಟರೆ ಸ್ಟೀರಿಂಗ್ ತಾನೇ ನಡುವಿಗೆ ಬರುತ್ತದೆ. ಅಪ್ಪ ಈಗ ಅದರಲ್ಲೇ ಕೂತು ಸಂತೆಗೆ ಹೋಗುತ್ತಾರೆ.

500 ಕಿಲೋಮೀಟರ್ ಆದ ಮೇಲೆ ಯು ಬೋಲ್ಟ್ ಬಿಗಿದಾಗ ಪ್ರತಿಯೊಂದೂ ಕಾಲು ಸುತ್ತು ತೆಗೆದುಕೊಂಡಿತು. ಮೊದಲ ಮಳೆಗಾಲ ಮುಗಿದಾಗ ಅಳೆದರೆ ಮುಂದೆ 8, ಹಿಂದೆ 12 ಮಿಲಿಮೀಟರ್ ಕೂತಿತ್ತು, ಎಡ ಬಲ ಒಂದೇ ಸಮ. ಡಿಫರೆನ್ಷಿಯಲ್ ತಳಕ್ಕೆ ಬಳಿದ ಕಪ್ಪು ಬಣ್ಣ ಒಂದು ಬದಿ ಮಾತ್ರ ಸ್ವಲ್ಪ ಕೆರೆದಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ತಿರುವಿನಲ್ಲಿ ದಿಣ್ಣೆ ಇನ್ನೂ ಎತ್ತರವಿದೆ. ಅಲ್ಲಿಗೆ ಜಲ್ಲಿ ಹಾಕಿಸಲು ತೋಟದ ಲೆಕ್ಕ ನೋಡುವ ರೈಟರಿಗೆ ಹೇಳಿದ್ದೇನೆ.